ಹಿಂದಿನ ಕೋಣೆಯ ಗೋಡೆ

ನಮ್ಮ ಮಾವನವರು ಪೇಂಟರ್. ನಲವತ್ತು ವರ್ಷ ಊರವರ ಗೋಡೆಗಳಿಗೆ ಬಣ್ಣ ಬಳಿದವರು. ತಮ್ಮ ಮನೆಯ ಗೋಡೆಯಲ್ಲಿ ಉಗುರಿನಷ್ಟು ಕಲೆ ಕಂಡರೂ ಅವರಿಗೆ ಊಟ ಸೇರುತ್ತಿರಲಿಲ್ಲ. "ನನ್ನ ಮನೆ ಗೋಡೆನೇ ನನ್ನ ಬೋರ್ಡು. ಇದೇ ಕೊಳಕಾಗಿದ್ರೆ ನನ್ನನ್ನ ಕೆಲಸಕ್ಕೆ ಯಾರು ಕರೀತಾರೆ?" ಎನ್ನುತ್ತಿದ್ದರು. ಯಾವ ಕೆಲಸದಲ್ಲಿ ಯಾವ ಡಬ್ಬ ಉಳಿಯಿತೋ ಆ ಬಣ್ಣ ನಮ್ಮ ಮನೆಗೆ. ಅಡುಗೆಮನೆಗೆ ಯಾವುದೋ ಶಾಲೆಯ ಹಳದಿ, ನಡುಮನೆಗೆ ಬ್ಯಾಂಕಿನ ತಿಳಿನೀಲಿ, ನನ್ನ ಮತ್ತು ನನ್ನ ಗಂಡನ ಕೋಣೆಗೆ ಯಾರದೋ ಕ್ಲಿನಿಕ್ಕಿನ ಹಸಿರು. ಆ ಕೋಣೆಯಲ್ಲಿ ಮಲಗಿದಾಗಲೆಲ್ಲ ಇನ್ನೇನು ಯಾರೋ ನನ್ನ ಟೋಕನ್ ನಂಬರ್ ಕೂಗುತ್ತಾರೆ ಎನಿಸುತ್ತಿತ್ತು. ಹಿಂದಿನ ಕೋಣೆಗೆ ಮಾತ್ರ ಹೊಳೆಯುವ ಆಯಿಲ್ ಪೇಂಟ್. ಅದು ನನ್ನ ನಾದಿನಿಯ ಕೋಣೆ. ಮಗಳಿಗೆ ಎಲ್ಲಕ್ಕಿಂತ ಒಳ್ಳೆಯದು ಸಿಗಬೇಕು ಎಂಬುದು ಮಾವನವರ ಆಸೆ.

ಮದುವೆಯಾಗಿ ಬಂದ ಮೊದಲ ದಿನ ಆ ಕೋಣೆಗೆ ಹೋದಾಗಲೇ ನನ್ನ ಮೂಗು ಎಚ್ಚರವಾಯಿತು. ನಾನು ಬೇಕರಿಯಲ್ಲಿ ಕೆಲಸ ಮಾಡುವವಳು. ಅಂಗಡಿಗಳಿಂದ ವಾಪಸ್ ಬಂದ ಬ್ರೆಡ್ಡನ್ನು ಬೇರ್ಪಡಿಸುವುದು ನನ್ನ ಪಾಲಿನ ಕೆಲಸ. ಪೊಟ್ಟಣ ಬಿಚ್ಚದೆಯೇ ಬೂಷ್ಟು ಹಿಡಿದಿದೆಯೋ ಇಲ್ಲವೋ ಹೇಳಬಲ್ಲೆ. ಬಾಯಿ ಸುಮ್ಮನಿರಲಿಲ್ಲ, ಅಂದುಬಿಟ್ಟೆ.

"ಅತ್ತೆ, ಇಲ್ಲಿ ಏನೋ ಬೂಷ್ಟು ಹಿಡಿದ ವಾಸನೆ ಬರ್ತಿದೆ."

ಅತ್ತೆಯ ಮುಖ ಕಪ್ಪಿಟ್ಟಿತು. "ಬಂದು ಇನ್ನೂ ಒಂದು ದಿನ ಆಗಿಲ್ಲ, ಆಗ್ಲೇ ಮನೆಗೆ ಹೆಸರಿಡೋಕೆ ಶುರು ಮಾಡಿದ್ಯಾ?"

ಮಾವ ಗೋಡೆಯನ್ನು ಅಂಗೈಯಿಂದ ಸವರಿ, "ಹೋದ ತಿಂಗಳು ತಾನೇ ಎರಡು ಕೋಟ್ ಹೊಡೆದಿದ್ದೀನಮ್ಮ. ಅದು ಬಣ್ಣದ ವಾಸನೆ," ಎಂದರು. ಅವರಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಥಿನ್ನರ್ ಕುಡಿದ ಮೂಗು ಅದು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಮೇಲೆತ್ತುವ ಆಸಾಮಿ, ಮನೆಗೆ ಬಂದರೆ ತಾನೇ ಕುರ್ಚಿಯಿಂದ ಮೇಲೇಳುವುದಿಲ್ಲ. ಅಂದು ಕೂತಲ್ಲಿಂದಲೇ ನನಗೆ ಬುದ್ಧಿ ಹೇಳಿದರು. "ನೋಡು, ಆ ಬೇಕರಿ ಮೂಗನ್ನ ಬೇಕರಿಯಲ್ಲೇ ಬಿಟ್ಟು ಬಾ."

ಬಿಟ್ಟು ಬಂದೆ. ಮತ್ತೆ ಆ ಮಾತು ಎತ್ತಲಿಲ್ಲ. ಆರು ತಿಂಗಳಲ್ಲಿ ನನಗೂ ಆ ವಾಸನೆ ಬರುವುದು ನಿಂತುಹೋಯಿತು.

ನಾದಿನಿಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ದೀಪ ಆರಿಸುವ ತನಕ ನಿಲ್ಲುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಆಸ್ಪತ್ರೆಯ ನರ್ಸುಗಳ ಬಿಳಿ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಮಿಷನ್ನಿನ ಸದ್ದಿನ ಮೇಲೆ ಅವಳ ಹಾಡು, ಹಾಡಿನ ಮೇಲೆ ಅವಳ ಮಾತು. ಆ ಕೋಣೆಯ ಕಿಟಕಿಯ ಎದುರಿಗೆ ಮರ ಕೊಯ್ಯುವ ಕಾರ್ಖಾನೆ ಇದ್ದುದರಿಂದ ಬಿಳಿ ಬಟ್ಟೆಯ ಮೇಲೆ ಧೂಳು ಕೂರುತ್ತಿತ್ತು. ಮಾವ ಒಂದು ದಿನ ಕಿಟಕಿ ಮುಚ್ಚಿ, ಸಂದಿಗಳಿಗೆಲ್ಲ ಪುಟ್ಟಿ ತುಂಬಿ, ಅದರ ಮೇಲೂ ಬಣ್ಣ ಹೊಡೆದರು. "ಇನ್ಮೇಲೆ ಒಂದು ಕಣ ಧೂಳು ಬಂದ್ರೆ ನನ್ನ ಕೇಳು," ಎಂದರು. ಧೂಳು ಬರಲಿಲ್ಲ, ನಿಜ. ಬಟ್ಟೆಯ ಥಾನುಗಳನ್ನು ಇಡಲು ದೊಡ್ಡ ಬೀರುವೊಂದನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಆ ಗೋಡೆಯ ಆಚೆ ಬದಿ ಪಕ್ಕದ ಮನೆಯವರ ಬಚ್ಚಲು.

ಕನ್ನಡಕದ ಅಂಗಡಿಯವನು ಅವಳಿಗೆ ಸಿಕ್ಕಿದ್ದು ಆ ಕೋಣೆಯಲ್ಲೇ. ಅಂಗಡಿಯಲ್ಲಿ ತೊಡುವ ಬಿಳಿ ಕೋಟಿನ ಅಳತೆ ಕೊಡಲು ಬಂದಿದ್ದ. ಇವಳು ಟೇಪು ಹಿಡಿದು, "ನಿಮ್ಮ ಎಡಗಡೆ ಭುಜ ಸ್ವಲ್ಪ ಕೆಳಗಿದೆ, ಗೊತ್ತಾ?" ಎಂದಳು. ಅವನು, "ನೀವು ಬಲಗಣ್ಣು ಕಿರಿದು ಮಾಡ್ಕೊಂಡು ಟೇಪು ಓದ್ತೀರಿ, ಗೊತ್ತಾ?" ಎಂದ. ಇಬ್ಬರೂ ಹೇಳಿದ್ದು ಸರಿಯಾಗಿತ್ತು. ಅವಳಿಗೆ ಕನ್ನಡಕ ಬಂತು, ಅವನಿಗೆ ಭುಜ ಸಮ ಕಾಣುವ ಕೋಟು ಬಂತು. ವರ್ಷದೊಳಗೆ ಎರಡೂ ಮನೆಯವರು ಕೂತು ಮಾತಾಡಿ ಮದುವೆ ಎಂದು ಒಪ್ಪಿಕೊಂಡರು.

ಅವಳು ಬದಲಾಗಿದ್ದು ಯಾವಾಗಿನಿಂದ ಎಂದು ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಮೊದಲು ಕೆಮ್ಮು ಬಂತು, ಆಮೇಲೆ ತಲೆನೋವು. ಆಮೇಲೆ ಬೆಳಿಗ್ಗೆ ಏಳುವುದೇ ಕಷ್ಟವಾಯಿತು.

"ಗಂಟೆ ಒಂಬತ್ತಾಯ್ತು," ಎಂದು ಅತ್ತೆ ಬಾಗಿಲು ಬಡಿಯುತ್ತಿದ್ದರು. "ಮದುವೆ ಆಗಿ ಹೋದ ಮನೇಲೂ ಹೀಗೇ ಬಿದ್ಕೊಂಡಿರ್ತೀಯಾ?"

"ನಿದ್ದೆನೇ ಬಂದಿಲ್ಲಮ್ಮ."

"ಹತ್ತು ಗಂಟೆ ಮಲಗಿದ್ದೀಯ, ನಿದ್ದೆ ಬಂದಿಲ್ವಂತೆ! ನಾನು ನಿನ್ನ ವಯಸ್ಸಲ್ಲಿ..."

"ನಿನ್ನ ವಯಸ್ಸಿನ ಕತೆ ಬೇಡಮ್ಮ. ತಲೆ ಸಿಡೀತಿದೆ."

ಮೊದಲಾಗಿದ್ದರೆ ಆ ಕತೆಯನ್ನೇ ಅಮ್ಮನ ದನಿಯಲ್ಲಿ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಈಗ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ರೇಡಿಯೋ ಬ್ಯಾಟರಿ ಮುಗಿದಿದೆ," ಎಂದು ನನ್ನ ಗಂಡ ತಮಾಷೆ ಮಾಡಿದರು. ನಾನೂ ನಕ್ಕೆ.

ಎರಡು ವಾರ ಕಳೆದ ಮೇಲೆ ಆಸ್ಪತ್ರೆಯಿಂದ ಹನ್ನೆರಡು ಯೂನಿಫಾರ್ಮ್ ವಾಪಸ್ ಬಂತು. ಎಲ್ಲದಕ್ಕೂ ಎರಡೂ ಕಡೆ ಎಡತೋಳೇ ಇತ್ತು. ಹತ್ತು ವರ್ಷದಿಂದ ಕತ್ತರಿ ಹಿಡಿದ ಕೈ ಮಾಡುವ ತಪ್ಪಲ್ಲ ಅದು. ಅವಳು ಆ ರಾಶಿಯ ಮುಂದೆ ಕೂತು, "ಹೊಲೀವಾಗ ಸರಿಯಾಗೇ ಕಾಣ್ತಿತ್ತು ಅತ್ತಿಗೆ. ತಲೆಯೊಳಗೆ ಮಂಜು ಕವಿದ ಹಾಗಿರುತ್ತೆ, ಏನು ಮಾಡ್ತಿದ್ದೀನಿ ಅಂತಾನೇ ತಿಳಿಯಲ್ಲ," ಎಂದಳು.

"ಮದುವೆ ಹತ್ರ ಬಂತಲ್ಲ, ಅದಕ್ಕೇ," ಎಂದೆ ನಾನು. ಹೇಳಲು ಎಷ್ಟು ಸುಲಭದ ಮಾತು!

ಊಟದ ಹೊತ್ತು ಮನೆಯಲ್ಲಿ ದಿನಾ ಪಂಚಾಯಿತಿ ನಡೆಯುತ್ತಿತ್ತು. ಒಂದು ದಿನ ಮೊಟ್ಟೆ ಸುಲಿಯುತ್ತಾ ಸುಲಿಯುತ್ತಾ ಅವಳು ಅಳತೊಡಗಿದಳು. ಯಾರೂ ಏನೂ ಅಂದಿರಲಿಲ್ಲ.

"ಯಾಕೆ ಅಳ್ತೀಯ?" ಅತ್ತೆ ಕೇಳಿದರು.

"ಗೊತ್ತಿಲ್ಲ."

"ಕಾರಣ ಇಲ್ದೆ ಯಾರಾದ್ರೂ ಅಳ್ತಾರಾ? ಅವನೇನಾದ್ರೂ ಅಂದ್ನಾ?"

"ಅವರು ಏನೂ ಅಂದಿಲ್ಲ. ನನ್ನ ಪಾಡಿಗೆ ಬಿಡಮ್ಮ!" ಎಂದು ಕಿರುಚಿ ತಟ್ಟೆ ತಳ್ಳಿದಳು. ಮೊಟ್ಟೆ ಉರುಳಿ ಮಾವನವರ ಕಾಲ ಬಳಿ ಹೋಗಿ ನಿಂತಿತು. ಮಾವ ಅದನ್ನು ಎತ್ತಿ, ಒರೆಸಿ, ಅವಳ ತಟ್ಟೆಯಲ್ಲೇ ಇಟ್ಟರು.

"ಕೊಬ್ಬು," ಎಂದರು ನನ್ನ ಗಂಡ.

"ಅಲ್ಲ, ಅವಳಿಗೆ ವಿಶ್ರಾಂತಿ ಬೇಕು," ಎಂದರು ಅತ್ತೆ. ಬೈಯುವ ಬಾಯಿಗೂ ಕರುಳು ಇರುತ್ತದಲ್ಲ. ಮರುದಿನದಿಂದ ಅವಳಿಗೆ ಮನೆಗೆಲಸ ಬಿಡಿಸಿದರು. ಚಹಾ, ಬ್ರೆಡ್ಡು, ಗಂಜಿ ಎಲ್ಲ ಹಿಂದಿನ ಕೋಣೆಗೇ ಹೋಗತೊಡಗಿತು. ಗಾಳಿ ತಾಗಿದರೆ ಕೆಮ್ಮು ಹೆಚ್ಚಾಗುತ್ತದೆ ಎಂದು ಬಾಗಿಲನ್ನೂ ಎಳೆದಿಡುತ್ತಿದ್ದರು. ಹಗಲು ಅಲ್ಲೇ, ರಾತ್ರಿಯೂ ಅಲ್ಲೇ. ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದೆವು. ತಟ್ಟೆ ತೆಗೆದುಕೊಂಡು ಹೋಗುತ್ತಿದ್ದವಳು ನಾನೇ. ಬೀರುವಿನ ಪಕ್ಕದ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಎದ್ದಿದ್ದನ್ನು ನೋಡಿದ್ದೂ ನಾನೇ. ಮಾವನವರಿಗೆ ಹೇಳಿದೆ. ಅವರು ಒಣಬಟ್ಟೆಯಿಂದ ಒರೆಸಿ, "ಹುಡುಗನ ಮನೆಯವರು ಬರೋ ಮುಂಚೆ ಒಂದು ಕೋಟ್ ಎಳೆದುಬಿಡ್ತೀನಿ," ಎಂದರು.

ಹುಡುಗನ ಮನೆಯವರು ಮದುವೆಯ ದಿನ ಗೊತ್ತುಮಾಡಲು ಬರುವವರಿದ್ದರು. ಹಿಂದಿನ ದಿನ ಮಾವ ಎಂಟು ತಾಸು ನಿಂತು ಗೋಡೆಗೆ ಬಣ್ಣ ಹೊಡೆದರು. ಬೀರುವನ್ನು ಸರಿಸಲು ಆಗಲಿಲ್ಲ, ಅದರ ಸುತ್ತಲೂ ಹೊಡೆದರು. ಸೊಂಟ ಹಿಡಿದುಕೊಂಡರೂ ಬಿಡಲಿಲ್ಲ. "ನನ್ನ ಮಗಳ ಕೋಣೆ ನೋಡಿ ಅವರು ಬೆರಗಾಗ್ಬೇಕು." ಅಂದೂ ಅವಳು ಆ ಹಸಿ ಬಣ್ಣದ ನಡುವೆಯೇ ಮಲಗಿದಳು.

ಕನ್ನಡಕದವನು ತಾಯಿಯನ್ನೂ ಸೋದರಮಾವನನ್ನೂ ಕರೆದುಕೊಂಡು ಬಂದ. ನಾದಿನಿ ಬಂದು ಕೂತಳು. ತಾಯಿ ಏನೋ ಕೇಳಿದರು, ಇವಳು ಅರ್ಧ ಉತ್ತರ ಕೊಟ್ಟು ನಿಲ್ಲಿಸಿದಳು. ಮತ್ತೆ ಕೇಳಿದರು. ಇವಳು ಅವರನ್ನೇ ನೋಡುತ್ತಾ, "ಏನು ಕೇಳಿದ್ರಿ?" ಎಂದಳು. ಆಮೇಲೆ ಎದ್ದು, "ನನಗೆ ಆಗ್ತಿಲ್ಲ, ಕ್ಷಮಿಸಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಹಾದ ಲೋಟ ಹಿಡಿದವರ ಕೈ ಹಾಗೇ ನಿಂತಿತು.

"ಹುಷಾರಿಲ್ಲ ಅವಳಿಗೆ, ನೆಗಡಿ," ಎಂದರು ಅತ್ತೆ.

ಅಷ್ಟಕ್ಕೇ ಬಿಟ್ಟಿದ್ದರೆ ನೆಗಡಿ ಎಂದೇ ಮುಗಿಯುತ್ತಿತ್ತು. ಮಾವ ಕೈ ಎತ್ತಿ ಅತ್ತೆಯನ್ನು ತಡೆದರು.

"ಸುಳ್ಳು ಬೇಡ. ಮುಚ್ಚಿಟ್ಟು ಮದುವೆ ಮಾಡೋ ಜಾತಿಯವನಲ್ಲ ನಾನು. ನಾಳೆ ನೀವು ಮೋಸ ಅನ್ನಬಾರ್ದು. ಎರಡು ತಿಂಗಳಾಯ್ತು, ನನ್ನ ಮಗಳ ತಲೆ ಸರಿ ಇಲ್ಲ. ಸುಮ್ನೆ ಅಳ್ತಾಳೆ, ಮಾಡಿದ್ದು ಮರೀತಾಳೆ. ತಿಳಿದು ಒಪ್ಪೋದಾದ್ರೆ ಒಪ್ಪಿ."

ಗೋಡೆಯ ಕಲೆಯನ್ನು ಎಷ್ಟು ಸಲ ಮುಚ್ಚಿದ ಮನುಷ್ಯ! ಮಗಳ ವಿಷಯದಲ್ಲಿ ಮಾತ್ರ ಸತ್ಯಸಂಧರಾಗಿಬಿಟ್ಟರು. ನನಗೆ ಅವರ ಬಾಯಿ ಮುಚ್ಚಬೇಕು ಎನಿಸಿತು. ಆದರೆ ಮುಚ್ಚಿಕೊಂಡಿದ್ದು ನನ್ನ ಬಾಯಿಯನ್ನು. ಒಳಗಿನ ಬಾಗಿಲು ತೆಳು ಹಲಗೆಯದು, ಅವಳಿಗೆ ಪ್ರತಿ ಅಕ್ಷರವೂ ಕೇಳಿಸಿರಬೇಕು.

ಹುಡುಗನ ತಾಯಿ ಲೋಟ ಕೆಳಗಿಟ್ಟರು. "ನಿಜ ಹೇಳಿದ್ದಕ್ಕೆ ಉಪಕಾರ ಆಯ್ತು," ಎಂದರು. ಕನ್ನಡಕದವನು ಬಾಗಿಲ ಬಳಿ ಹೋಗಿ, "ನಾನು ನಾಳೆ ಬರ್ತೀನಿ," ಎಂದು ಮೆಲ್ಲಗೆ ಹೇಳಿದ. ಮರುದಿನ ಬಂದ, ಅದರ ಮರುದಿನವೂ ಬಂದ. ಅವಳು ಬಾಗಿಲು ತೆಗೆಯಲಿಲ್ಲ. ವಾರದ ಕೊನೆಗೆ ಅವನ ಸೋದರಮಾವ ಬಂದು, ಈ ಸಂಬಂಧ ಬೇಡ ಎಂದು ಹೇಳಿ ಹೋದರು.

ಡಾಕ್ಟರು ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ಅವಳು ಮಾತ್ರೆ ನುಂಗಿ ಅದೇ ಕೋಣೆಯಲ್ಲಿ ಮಲಗಿದಳು. ಮತ್ತೆ ಮೂರು ವಾರ ಹೀಗೇ ಕಳೆಯಿತು.

ಒಂದು ಭಾನುವಾರ ಆ ಕೋಣೆಯ ಪ್ಲಗ್ಗಿನಿಂದ ಕಿಡಿ ಹಾರಿತು. ನನ್ನ ಗಂಡ ಆ ದಿನ ಕುರ್ಚಿಯಿಂದ ಎದ್ದರು. ಪ್ಲಗ್ಗು ಬೀರುವಿನ ಹಿಂದೆ ಇತ್ತು. ನಾವಿಬ್ಬರೂ ಸೇರಿ ಥಾನುಗಳನ್ನೆಲ್ಲ ಇಳಿಸಿ ಬೀರುವನ್ನು ಮುಂದಕ್ಕೆ ಎಳೆದೆವು. ಬೀರುವಿನ ಬೆನ್ನಿಗೆ ಅಂಟಿಕೊಂಡಿದ್ದ ಬಣ್ಣ, ಆರಿದ ಹಾಲಿನ ಮೇಲಿನ ಕೆನೆಯಂತೆ ಒಂದೇ ಹಾಳೆಯಾಗಿ ಕಿತ್ತು ಬಂತು. ಅದರ ಕೆಳಗೆ ಹಳೆಯ ಬಣ್ಣ, ಅದರ ಕೆಳಗೆ ಇನ್ನೊಂದು. ಎಲ್ಲದರ ಕೆಳಗೆ, ಆಳೆತ್ತರಕ್ಕೆ, ಕಪ್ಪು. ಒದ್ದೆ ಗೋಡೆಯ ಮೇಲೆ ಉಣ್ಣೆಯಂಥ ಬೂಷ್ಟು. ಥಾನುಗಳ ಅಡಿಯಲ್ಲೂ, ಅವಳ ಹಾಸಿಗೆಯ ತಲೆದೆಸೆಯಲ್ಲೂ ಅದೇ. ಸತ್ತುಹೋಗಿದೆ ಎಂದುಕೊಂಡಿದ್ದ ನನ್ನ ಮೂಗಿಗೆ ಆ ವಾಸನೆ ಮೂರು ವರ್ಷದ ಬಾಕಿ ಸಮೇತ ಬಂದು ಬಡಿಯಿತು.

ಮಾವ ಬಂದು ನಿಂತರು. ಬೆರಳಿನಿಂದ ಮುಟ್ಟಿದರು, ಮೂಗಿಗೆ ಹಿಡಿದರು. ಏನೂ ತಿಳಿಯದೆ ನನ್ನ ಮುಖ ನೋಡಿದರು.

"ಗಬ್ಬು ನಾರ್ತಿದೆ ಮಾವ," ಎಂದೆ. ದನಿ ಏರಿತು. "ನಾನು ಬಂದ ದಿನಾನೇ ಹೇಳಿದ್ದೆ."

ಅತ್ತೆ ನನ್ನತ್ತ ತಿರುಗಿದರು. "ಹೇಳಿದ್ದೆ ಅಂದ್ಬಿಟ್ರೆ ಆಯ್ತಾ? ಒಂದು ಸಲ ಹೇಳಿ ಮೂರು ವರ್ಷ ಸುಮ್ನಿದ್ಯಲ್ಲ! ಬೇರೆ ಎಲ್ಲದಕ್ಕೂ ಜಗಳ ಆಡ್ತೀಯ, ಇದಕ್ಕೆ ಆಡ್ಬಾರ್ದಾಗಿತ್ತಾ?"

ಅನ್ಯಾಯದ ಮಾತು. ಆದರೆ ಅದರಲ್ಲಿ ನಿಜವೂ ಇತ್ತು. ಪಾತ್ರೆ ತೊಳೆಯುವ ಸರದಿಗಾಗಿ ನಾನು ಅತ್ತೆಯ ಜೊತೆ ವಾರಗಟ್ಟಲೆ ಜಗಳವಾಡಿದ್ದೇನೆ. ಈ ಗೋಡೆಗಾಗಿ ಒಂದು ದಿನ ಆಡಲಿಲ್ಲ.

ಪಕ್ಕದ ಮನೆಯ ಬಚ್ಚಲಿನ ಪೈಪು ಗೋಡೆಯೊಳಗೇ ಒಡೆದು ಎಷ್ಟೋ ವರ್ಷದಿಂದ ಸೋರುತ್ತಿತ್ತು. ಅದನ್ನು ಸರಿಮಾಡಿಸಿದೆವು. ಮಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಾರೆ ಕಿತ್ತು ಇಟ್ಟಿಗೆ ಕಾಣುವ ತನಕ ಕೆರೆದರು. ಕಿಟಕಿಯ ಪುಟ್ಟಿಯನ್ನು ಉಳಿಯಿಂದ ಒಡೆದರು. ನಾದಿನಿಯ ಹಾಸಿಗೆ ನಡುಮನೆಗೆ ಬಂತು.

ನಾನು ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. "ಗೋಡೆಯಿಂದಲೇ ಆಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲಮ್ಮ. ಅಂಥ ಕೋಣೇಲಿ ಇರೋವ್ರಿಗೆ ಉಸಿರಾಟದ ತೊಂದರೆ ಆಗುತ್ತೆ, ನಿದ್ದೆ ಕೆಡುತ್ತೆ. ಮನಸ್ಸು ಕುಗ್ಗೋದೂ ಇದೆ. ಬೇರೆ ಕಾರಣಗಳೂ ಸೇರಿರಬಹುದು. ಮನೇಲಿ ಹೇಗೆ ನೋಡ್ಕೊಂಡ್ರಿ ಅನ್ನೋದೂ ಅದರಲ್ಲಿ ಒಂದು," ಎಂದರು. ಆ ಕೊನೆಯ ಮಾತನ್ನು ಮನೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ.

ಒಂದು ತಿಂಗಳಲ್ಲಿ ಕೆಮ್ಮು ಹೋಯಿತು. ಆರನೆಯ ವಾರ ಅವಳು ಒಂದು ಅಂಗಿ ಹೊಲಿದಳು, ಎಡತೋಳು ಎಡಕ್ಕೆ, ಬಲತೋಳು ಬಲಕ್ಕೆ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನೊರೆ ಬಾಯಲ್ಲೇ ಏನೋ ಹಾಡಿದಳು. ಅತ್ತೆ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ಅಳು ಬಂತು.

ಮಾವನವರಿಗೆ ಕೂತಲ್ಲಿ ಕೂರಲು ಆಗಲಿಲ್ಲ. "ನಾನೇ ಹೋಗಿ ಹೇಳ್ತೀನಿ. ತಪ್ಪಾಯ್ತು ಅಂತೀನಿ. ನೀನೂ ಬಾರಮ್ಮ, ವಾಸನೆ ವಿಷಯ ನೀನೇ ಹೇಳು," ಎಂದು ನನ್ನನ್ನು ಕರೆದುಕೊಂಡು ಹೊರಟರು. ನಾದಿನಿಗೆ ತಿಳಿಸಲಿಲ್ಲ. ಕೆರೆದ ಗಾರೆಯ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದರು, ಸಾಕ್ಷಿಗೆ.

ಹುಡುಗನ ತಾಯಿ ನಮ್ಮನ್ನು ಕೂರಿಸಿದರು. ಮಾವ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟು, "ಇದೇ ನೋಡಿ. ನನ್ನ ಮಗಳಿಗೆ ಏನೂ ಆಗಿರ್ಲಿಲ್ಲ. ಗೋಡೆಗೆ ಆಗಿತ್ತು. ಈಗ ಚೆನ್ನಾಗಿದ್ದಾಳೆ," ಎಂದರು.

ಅವರು ಆ ಕಪ್ಪು ತುಂಡನ್ನು ನೋಡಿದರು. "ನಿಮ್ಮನ್ನ ಸುಳ್ಳುಗಾರರು ಅಂತ ನಾನು ಅನ್ನಲ್ಲ. ಅವತ್ತು ನಿಜ ಹೇಳಿದ್ರಿ, ಇವತ್ತೂ ನಿಜಾನೇ ಹೇಳ್ತಿರಬಹುದು. ಆದ್ರೆ ಹೆತ್ತ ಅಪ್ಪ ತನ್ನ ಮಗಳ ತಲೆ ಸರಿ ಇಲ್ಲ ಅಂದ್ಮೇಲೆ, ಆ ಮಾತು ನನ್ನ ಕಿವಿಯಿಂದ ಹೊರಗೆ ಹೋಗಲ್ಲ ಸ್ವಾಮಿ. ನಾಳೆ ಅವಳು ಒಂದು ದಿನ ಬೇಜಾರಾಗಿ ಕೂತ್ರೂ ನನಗೆ ಅದೇ ನೆನಪಾಗುತ್ತೆ."

ಕನ್ನಡಕದವನು ಬಾಗಿಲಲ್ಲಿ ನಿಂತಿದ್ದ. "ಈಗ ನಿದ್ದೆ ಮಾಡ್ತಾರಾ?" ಎಂದು ನನ್ನನ್ನು ಕೇಳಿದ. ಮಾಡುತ್ತಾಳೆ ಎಂದೆ. "ಒಳ್ಳೇದಾಯ್ತು," ಎಂದು ಕಣ್ಣು ಕೆಳಗೆ ಹಾಕಿದ. ಹೋದ ವಾರವಷ್ಟೇ ಅವನಿಗೆ ಬೇರೆ ಕಡೆ ಸಂಬಂಧ ಒಪ್ಪಿಗೆಯಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮಾವ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. ನಮ್ಮ ಸ್ಟಾಪು ದಾಟಿ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಮನೆಗೆ ಬಂದಾಗ ನಾದಿನಿ ನಡುಮನೆಯಲ್ಲಿ ಕಾಜ ಹೊಲಿಯುತ್ತಿದ್ದಳು. ನಮ್ಮ ಮುಖ ನೋಡಿಯೇ ಅರ್ಥಮಾಡಿಕೊಂಡಳು.

"ಅಲ್ಲಿಗೆ ಹೋಗಿದ್ರಾ?"

"ತಪ್ಪು ನಂದು ಕಣಮ್ಮ," ಎಂದರು ಮಾವ. "ಹೇಳಿ ಬರೋಣ ಅಂತ ಹೋಗಿದ್ದೆ. ಅವರು ನಂಬ್ತಾ ಇಲ್ಲ."

ಅವಳು ದಾರ ಕಚ್ಚಿ ತುಂಡರಿಸಿದಳು. "ಅವರು ನಂಬದೇ ಇರೋದು ಬಿಡಪ್ಪ. ಅವತ್ತು ನೀನು ಹೇಳಿದ್ದನ್ನ ನಾನೇ ನಂಬಿದ್ದೆ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ಅಪ್ಪ ಸುಳ್ಳು ಹೇಳಲ್ಲ, ನನಗೆ ಹುಚ್ಚೇ ಹಿಡಿದಿದೆ ಅಂದ್ಕೊಂಡೆ. ಅವರು ಎರಡು ದಿನ ಬಂದು ಬಾಗಿಲು ತಟ್ಟಿದ್ರು. ಹುಚ್ಚು ಹಿಡಿದವಳನ್ನ ಕಟ್ಕೊಂಡು ಅವರು ಯಾಕೆ ಹಾಳಾಗ್ಬೇಕು ಅಂತ ನಾನೇ ತೆಗೀಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು. ಮಾವ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಅವಳ ಪಕ್ಕ ಕೂತು, "ನಾನು ಮತ್ತೆ ಮತ್ತೆ ಹೇಳ್ಬೇಕಿತ್ತು ಕಣೆ," ಎಂದೆ. ಅವಳು ಗುಂಡಿಯ ಡಬ್ಬ ನನ್ನ ಕಡೆ ಸರಿಸಿ, "ಒಂದೇ ಸೈಜಿನವು ಆರಿಸಿ ಕೊಡಿ ಅತ್ತಿಗೆ," ಎಂದಳು.

ಇದೆಲ್ಲ ಆಗಿ ಐದು ತಿಂಗಳಾಯಿತು. ಆಸ್ಪತ್ರೆಯ ಕೆಲಸ ಮತ್ತೆ ಬಂದಿದೆ. ಅವಳು ಹೊಲಿಯುತ್ತಾಳೆ, ಹಾಡುತ್ತಾಳೆ, ಅಮ್ಮನನ್ನು ಅಣಕಿಸುತ್ತಾಳೆ. ಆದರೆ ಹೆಚ್ಚು ಹೊತ್ತು ಸುಮ್ಮನಿದ್ದರೆ ಅತ್ತೆ ಬಾಗಿಲಿಗೆ ಬಂದು ಇಣುಕುತ್ತಾರೆ. ಹೆಚ್ಚು ನಕ್ಕರೆ ನನ್ನ ಗಂಡ ಪೇಪರ್ ಕೆಳಗಿಳಿಸುತ್ತಾರೆ. ನಾನೂ ಏನು ಕಡಿಮೆಯಿಲ್ಲ.

ಮೊನ್ನೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವಳು ಏನೋ ಹೇಳುತ್ತಾ ಹೇಳುತ್ತಾ ತಟ್ಟೆಗೆ ಉಪ್ಪು ಹಾಕಿಕೊಂಡಳು, ಕತೆ ಮುಂದುವರಿಸಿದಳು, ಮತ್ತೊಮ್ಮೆ ಉಪ್ಪು ಹಾಕಿಕೊಂಡಳು. ನಮ್ಮ ನಾಲ್ವರ ಕೈಯೂ ನಿಂತಿತು. ನಾಲ್ವರೂ ಅವಳ ಮುಖ ನೋಡಿದೆವು. ಯಾರೂ ಬೇಕೆಂದು ನೋಡಿದ್ದಲ್ಲ.

ಅವಳು ಮಾತು ನಿಲ್ಲಿಸಿದಳು. ಒಬ್ಬೊಬ್ಬರನ್ನೇ ನೋಡಿ, ತಟ್ಟೆ ನೋಡಿಕೊಂಡಳು.

"ಉಪ್ಪು ಜಾಸ್ತಿ ಆಯ್ತು, ಅಷ್ಟೇ," ಎಂದಳು.

"ಅಷ್ಟೇ ಅಷ್ಟೇ," ಎಂದೆವು ನಾವೆಲ್ಲ ಒಟ್ಟಿಗೆ. ಅವಳು ಆ ಕತೆಯನ್ನು ಮುಗಿಸಲಿಲ್ಲ. ಆ ಉಪ್ಪಿನ ಅನ್ನವನ್ನು ಒಂದು ಅಗುಳೂ ಬಿಡದೆ, ತಲೆ ತಗ್ಗಿಸಿ ತಿಂದು ಮುಗಿಸಿದಳು.